ಬಿಚ್ಚದೆ ತಂದ ಪಾರ್ಸಲ್

"ನೀವ ಬಿಚ್ಚಿ ತೋರಸ್ರಿ" ಎಂದು ಆಕೆ ಪಾರ್ಸಲನ್ನು ನನ್ನ ಟೇಬಲ್ಲಿನ ಮೇಲಿಟ್ಟರು. ನಮ್ಮ ಅಂಗಡಿಯಿಂದಲೇ ಹೋದ ಇಳಕಲ್ ಸೀರೆ ಅದು. ವೆಬ್‌ಸೈಟಿನಲ್ಲಿ ಅವರೇ ಆರ್ಡರ್ ಮಾಡಿದ್ದರು. ಟೇಪು ಕೂಡ ಹರಿದಿರಲಿಲ್ಲ.

ಕೆಲಗೇರಿಯ ಈ ನಿವೃತ್ತ ಟೀಚರು ಮೊದಲೆಲ್ಲ ಹಬ್ಬ ಬಂದರೆ ಹುಬ್ಬಳ್ಳಿಯ ನಮ್ಮ ಅಂಗಡಿಗೇ ಬರುತ್ತಿದ್ದರು. ವೆಬ್‌ಸೈಟ್ ಆದ ಮೇಲೆ ಕಂಡಿರಲಿಲ್ಲ. ಸೀರೆ ವಾಪಸ್ ಕೊಡಲು ಬಂದಿರಬೇಕು ಎಂದುಕೊಂಡು, "ಬದಲಿ ಮಾಡಿ ಕೊಡ್ಲೇನ್ರಿ?" ಎಂದೆ.

"ಬ್ಯಾಡ್ರಿ. ನಿಮ್ಮ ಸೀರಿ ಚಲೋನ ಇರತಾವು. ಮನ್ಯಾಗ ಒಬ್ಬಾಕಿನ ಕುಂತು ಬಿಚ್ಚಾಕ ಮನಸ್ಸ ಬರಲಿಲ್ಲ."

ಕೂರಲು ಜಾಗ ಹುಡುಕಿದರು. ಪ್ಯಾಕಿಂಗ್ ಟೇಬಲ್ಲಿಗಾಗಿ, ಗಿರಾಕಿಗಳು ಕೂರುತ್ತಿದ್ದ ಗಾದಿಯನ್ನು ಸುತ್ತಿ ಮೂಲೆಗೆ ನಿಲ್ಲಿಸಿಬಿಟ್ಟಿದ್ದೆ. ಅದನ್ನು ಹಾಸಿ, ಚಹಾ ಹೇಳಿ, ಪಾರ್ಸಲ್ ಬಿಚ್ಚಿ, ಮೊದಲಿನ ಹಾಗೆಯೇ ಅವರ ಮುಂದೆ ಸೆರಗು ಹರವಿದೆ. ಅಂಚು ಸವರಿದರು. ಹೆಗಲಿಗೆ ಹಿಡಿದು, "ನನಗ ಒಪ್ಪತೈತೇನ್ರಿ?" ಎಂದು ಕೇಳಿದರು. ಒಪ್ಪುತ್ತದೆ ಎಂದೆ. ಅಷ್ಟು ಕೇಳಿಸಿಕೊಂಡು, ಚಹಾ ಮುಗಿಸಿ, ಸೀರೆ ಮಡಚಿಕೊಂಡು ಬಸ್ಸಿಗೆ ಹೋದರು.

ವೆಬ್‌ಸೈಟ್ ಮಾಡಿಕೊಟ್ಟವರು ಹೇಳಿದಂತೆಯೇ, ಒಮ್ಮೆ ಕೊಂಡ ಗಿರಾಕಿಗಳು ಮತ್ತೆ ಮತ್ತೆ ಆರ್ಡರ್ ಕಳಿಸುತ್ತಾರೆ. ವ್ಯಾಪಾರಕ್ಕೇನೂ ಕೊರತೆಯಿಲ್ಲ. ಗಾದಿಯನ್ನು ಮಾತ್ರ ನಾನು ಮತ್ತೆ ಸುತ್ತಿಡಲಿಲ್ಲ. ಈಗ ಅದರ ಮೇಲೆಯೇ ಕೂತು ಪ್ಯಾಕ್ ಮಾಡುತ್ತೇನೆ. ಡಬ್ಬಿಗೆ ಹಾಕುವ ಮೊದಲು ಪ್ರತಿ ಸೀರೆಯ ಸೆರಗನ್ನೂ ಒಮ್ಮೆ ಪೂರ್ತಿ ಹರವುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ.