ಇಲ್ಲವಾದ ಹದಿನಾಲ್ಕನೆಯ ಡಿಸ್ಟ್ರಿಕ್ಟು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನಾನು ಇನ್ನೊಬ್ಬರಿಗೆ ಪಾಠ ಹೇಳಲು ಹೊರಟೆ. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದುತ್ತೇನೆ, ಬರೆದರೆ ಒತ್ತಕ್ಷರಗಳು ಎಲ್ಲೋ ಉದುರಿಹೋಗುತ್ತವೆ. ಇದನ್ನೂ ಮಗಳು ತಿದ್ದಿದ್ದಾಳೆ. ಇಂಗ್ಲಿಷಿನಲ್ಲಿ ರಸ್ತೆಯ ಬೋರ್ಡು ಗುರುತು ಹಿಡಿಯುತ್ತೇನೆ, ಅಷ್ಟೇ. ಇಂಥವಳು ಮೇಷ್ಟರಾದರೆ ಏನಾಗಬೇಕೋ ಅದೇ ಆಯಿತು.

ನಾವಿರುವುದು ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನ ಒಂದು ಅಂಚಿನಲ್ಲಿ. ಮಗಳ ಬಾಣಂತನಕ್ಕೆಂದು ಬಂದವಳು. ಆ ಮಗು ಈಗ ಕಾರು ಓಡಿಸುತ್ತದೆ, ನಾನಿನ್ನೂ ಇಲ್ಲೇ ಇದ್ದೇನೆ. ನಮ್ಮ ಮುಂದಿನ ದೊಡ್ಡ ರಸ್ತೆ ದಾಟಿದರೆ ಸರೋಜಾಳ ಮನೆ. ಧಾರವಾಡದವಳು, ನನಗಿಂತ ಒಂದು ವರ್ಷ ಚಿಕ್ಕವಳು. ರಸ್ತೆಯಾಚೆ ಊರಿನ ಹೆಸರು ಫಾರ್ಮಿಂಗ್ಟನ್ ಹಿಲ್ಸ್ ಅಂತ ಬೋರ್ಡು ಹೇಳುತ್ತದೆ. ಹೇಳಿಕೊಳ್ಳಲಿ. ನಮ್ಮಿಬ್ಬರಿಗೂ ಡಾಕ್ಟರು ಒಬ್ಬರೇ, ಕರಿಬೇವಿನ ಕುಂಡ ಒಂದೇ. ಚಳಿಗಾಲದಲ್ಲಿ ಕುಂಡ ಯಾರ ಮನೆಯ ಕಿಟಕಿಗೆ ಹೋಗಬೇಕು ಅನ್ನುವುದೊಂದೇ ಜಗಳ. ಪಾರ್ಲಿಮೆಂಟಿಗೆ ಹೋಗುವವರೂ ಆಗ ಒಬ್ಬರೇ, ಏಕೆಂದರೆ ರಸ್ತೆಯ ಎರಡೂ ಕಡೆ ಹದಿನಾಲ್ಕನೆಯ ಡಿಸ್ಟ್ರಿಕ್ಟು, ನಮ್ಮ ಕಡೆಯ ಓಟಿನ ಕ್ಷೇತ್ರದ ಹಾಗೆ.

ಈ ಹದಿನಾಲ್ಕರ ವಿಷಯ ನನಗೆ ತಿಳಿದದ್ದು ಸಿಟಿಜನ್ ಪರೀಕ್ಷೆಗೆ ಉರು ಹೊಡೆಯುವಾಗ. ನೂರು ಪ್ರಶ್ನೆ ಕಲಿಯಬೇಕು. ಆಫೀಸರು ಹತ್ತು ಕೇಳಿದರೆ ಆರು ಸರಿ ಹೇಳಬೇಕು. ಮುದುಕರಾಗಿ, ಇಲ್ಲಿ ಬಹಳ ವರ್ಷ ಇದ್ದರೆ ನಮ್ಮ ಭಾಷೆಯಲ್ಲೇ ಹೇಳಬಹುದು, ಮಾತು ದಾಟಿಸುವವರನ್ನು ಜೊತೆಗೆ ಕರೆದೊಯ್ಯಬೇಕು. ನಿಮ್ಮ ಡಿಸ್ಟ್ರಿಕ್ಟಿನ ಪ್ರತಿನಿಧಿಯ ಹೆಸರೇನು ಅನ್ನುವುದೂ ಒಂದು ಪ್ರಶ್ನೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಲ್ಲಿ ಬರುವ ಹಾಗೆ ಬರೆದರೆ ಅವರಿಗೇ ಗುರುತು ಸಿಗದು.

ಮೊಮ್ಮಗಳು ಫೋನಿನಲ್ಲಿ ಹದಿನಾಲ್ಕರ ನಕ್ಷೆ ತೋರಿಸಿದ್ದಳು. ಡೆಟ್ರಾಯಿಟ್‌ನ ಹೊಳೆ ದಂಡೆಯಲ್ಲಿ ಶುರುವಾಗಿ, ಎಲ್ಲೆಲ್ಲೋ ಸೊಟ್ಟಗೆ ತಿರುಗಿ, ನಮ್ಮ ಮನೆಯನ್ನು ಒಳಗೆ ಎಳೆದುಕೊಂಡು, ಮೇಲೆ ಪಾಂಟಿಯಾಕ್‌ವರೆಗೆ ಹೋಗಿತ್ತು. ಚಕ್ಕುಲಿ ಒತ್ತುವಾಗ ಯಾರೋ ಮೊಣಕೈ ತಳ್ಳಿದ ಹಾಗೆ. ಎಲ್ಲರೂ ಅದನ್ನು ನೋಡಿ ನಗುತ್ತಿದ್ದರಂತೆ. ನನಗೆ ಪಾಪ ಅನ್ನಿಸಿತು. ಗೆರೆ ಎಳೆದವರು ಯಾರೋ, ನಗೆಪಾಟಲಾದದ್ದು ಅದು. ಅದಕ್ಕೂ ಮೊದಲು ಹದಿನಾಲ್ಕು ಅನ್ನುವ ನಂಬರು ಬೇರೆ ಬೀದಿಗಳ ಮೇಲೆ ಕೂತಿತ್ತಂತೆ. ಈ ರಾಜ್ಯಕ್ಕೆ ಒಂದು ಕಾಲಕ್ಕೆ ಹತ್ತೊಂಬತ್ತು ಸೀಟು ಇದ್ದವಂತೆ. ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸುತ್ತಾರೆ, ಬೇರೆ ಕಡೆ ಜನ ಹೆಚ್ಚಿದರೆ ಇಲ್ಲಿಯ ಸೀಟು ಕಿತ್ತು ಅಲ್ಲಿಗೆ ಕೊಡುತ್ತಾರೆ. ಕಡೆಯ ಎಣಿಕೆಯಲ್ಲಿ ನಮ್ಮ ಹದಿನಾಲ್ಕು ಹೋಯಿತು. ಈಗ ಹದಿಮೂರೇ.

ನಮ್ಮೂರಿನಲ್ಲಿ ಹೊಲದ ಬದುವನ್ನು ಒಂದು ಗೇಣು ಸರಿಸಿದರೆ ಕುಡುಗೋಲು ಹೊರಗೆ ಬರುತ್ತಿತ್ತು. ಇಲ್ಲಿ ಇಷ್ಟು ದೊಡ್ಡ ಸೀಮೆಯನ್ನೇ ಅಳಿಸಿದರು, ನಮ್ಮ ಬೀದಿಯಲ್ಲಿ ಒಬ್ಬರೂ ಬಾಗಿಲು ತೆಗೆದು ನೋಡಲಿಲ್ಲ. ಟಪಾಲಿನಲ್ಲಿ ಒಂದು ಕಾರ್ಡು ಬಂತು: ಇನ್ನು ನಿಮ್ಮದು ಹನ್ನೆರಡು.

ನಾನು ಪಾಸಾಗಿದ್ದು ಹದಿನಾಲ್ಕು ಬದುಕಿದ್ದಾಗ. ಸರೋಜಾಳ ಪರೀಕ್ಷೆ ಅದು ಸತ್ತ ಮೇಲೆ ಬಂತು. ಅವಳಿಗೆ ಸಿಟಿಜನ್ ಆಗಲೇಬೇಕಿತ್ತು. ಧಾರವಾಡದಲ್ಲಿ ಅವಳ ಅಕ್ಕನಿಗೆ ಲಕ್ವ ಹೊಡೆದಿತ್ತು. ಗ್ರೀನ್ ಕಾರ್ಡಿನವರು ಆರು ತಿಂಗಳು ಮೀರಿ ಅಲ್ಲಿ ಉಳಿದರೆ ವಾಪಸು ಬರುವಾಗ ಏರ್‌ಪೋರ್ಟಿನಲ್ಲಿ ನೂರು ಪ್ರಶ್ನೆ. ಸಿಟಿಜನ್ ಆದರೆ ಅಕ್ಕನ ಹತ್ತಿರ ಎಷ್ಟು ದಿನ ಬೇಕಾದರೂ ಇರಬಹುದು. ಹಾಗಾಗಿ ದಿನಾ ಮಧ್ಯಾಹ್ನ ಅವಳ ಅಡಿಗೆಮನೆಯಲ್ಲಿ ಪಾಠ. ಅವಳು ರೊಟ್ಟಿ ತಟ್ಟುವುದು, ನಾನು ಪ್ರಶ್ನೆ ಕೇಳುವುದು. ಹದಿನಾಲ್ಕರ ಪ್ರತಿನಿಧಿಯ ಹಳೆಯ ಹೆಸರು ಆಗಲೇ ಬಾಯಿಗೆ ಕೂತಿತ್ತು. ಜನವರಿಯಲ್ಲಿ ನಾನು ಕಾರ್ಡು ಹಿಡಿದುಕೊಂಡು ಹೋಗಿ, "ಅದನ್ನ ಬಿಟ್ಹಾಕು, ಹೊಸಬರು ಬಂದವ್ರೆ" ಅಂದೆ.

"ಕುಂತ ಹೆಸರು ಹೆಂಗ ಏಳ್ತದ್ರಿ ಜಯಕ್ಕಾರ?" ಅಂದಳು. ಎಬ್ಬಿಸಿದೆವು. ಹನ್ನೆರಡು ದಿನ ಹಿಡಿಯಿತು.

ಪರೀಕ್ಷೆಯ ದಿನ ಡೆಟ್ರಾಯಿಟ್‌ನ ಆಫೀಸಿಗೆ ನಾನೂ ಹೋದೆ. ಮಾತು ದಾಟಿಸಲು ಹತ್ತಿರದ ಕ್ಯಾಂಟನ್ ಊರಿನಿಂದ ರೂಪಾ ಅನ್ನುವ ಹುಡುಗಿ ಬಂದಿದ್ದಳು. ಕಾಯುವ ಕುರ್ಚಿಯಲ್ಲಿ ಕೂತು, "ಆಂಟಿ, ಒಂದ್ಸಲ ರಿವೈಸ್ ಮಾಡೋಣ್ವಾ?" ಅಂತ ಕೇಳುತ್ತ ಹೋದಳು. ಪ್ರತಿನಿಧಿಯ ಹೆಸರು ಬಂತು. ಸರೋಜಾ ಪಟಕ್ಕನೆ ಹೇಳಿದಳು. ರೂಪಾ ಫೋನು ನೋಡಿದಳು, ನನ್ನ ಮುಖ ನೋಡಿದಳು.

"ಜಯಾ ಆಂಟಿ, ಇದು ನಿಮ್ಮವರ ಹೆಸರು. ಸರೋಜಾ ಆಂಟಿ ಮನೆ ರಸ್ತೆ ಆ ಕಡೆ ಅಲ್ವಾ? ಅವರದು ಹನ್ನೊಂದು. ಬೇರೆಯವರು."

ಹೊಸ ಗೆರೆ ನಮ್ಮ ರಸ್ತೆಯ ಮೇಲೇ ಹೋಗಿತ್ತು. ನನಗೆ ಹೊಳೆದಿರಲೇ ಇಲ್ಲ. ಅವಳಿಗೂ ಒಂದು ಕಾರ್ಡು ಬಂದಿದ್ದರೆ ತಿಳಿಯುತ್ತಿತ್ತು, ಆದರೆ ಅದು ಓಟಿರುವವರಿಗೆ ಮಾತ್ರ ಬರುತ್ತದೆ. ಇಷ್ಟು ವರ್ಷ ನನ್ನದೇ ಅವಳದ್ದು ಆಗಿತ್ತಲ್ಲ, ಇದೂ ಹಾಗೇ ಅಂದುಕೊಂಡಿದ್ದೆ.

"ಏನ್ರಿ, ನನಗ ನಿಮ್ಮ ಮನೀ ಹೆಸರು ಉರು ಹೊಡಿಸಿದ್ರ್ಯಾ? ನಮ್ಮ ಅಕ್ಕ ಅಲ್ಲೆ ಹಾಸಿಗಿ ಮ್ಯಾಲ ಬಿದ್ದಾಳ!"

"ಒಂದು ತಪ್ಪಿದ್ರೆ ಏನೂ ಆಗಲ್ಲ ಕಣೆ" ಅಂದೆ. ರೂಪಾ ಹನ್ನೊಂದರವರ ಹೆಸರನ್ನು, ಸರೋಜಾಳಿಗೆ ಅದು ಮೂರನೆಯದು, ನಾಲ್ಕು ಸಲ ಹೇಳಿಸಿದಳು. ಐದನೆಯ ಸಲಕ್ಕೆ ಒಳಗಿನಿಂದ ಕರೆ ಬಂತು.

ಒಳಗೆ ನಡೆದದ್ದನ್ನು ಆಮೇಲೆ ರೂಪಾ ಹೇಳಿದಳು. ಗಾಬರಿಯಲ್ಲಿ ಸರೋಜಾ ಗೊತ್ತಿದ್ದ ಮೂರು ತಪ್ಪು ಹೇಳಿದಳಂತೆ, ಐದು ಸರಿ. ಒಂಬತ್ತನೆಯದು ಇದೇ ಪ್ರಶ್ನೆ. ಮೂರನೆಯ ಹೆಸರು ಬಾಗಿಲ ಹೊರಗೇ ಉಳಿದಿತ್ತು. ಎರಡನೆಯದೂ ಬರಲಿಲ್ಲ. ಅವಳ ಬಾಯಿಂದ ಬಂದದ್ದು ಆ ಹಳೆಯ ಹದಿನಾಲ್ಕರ ಹೆಸರು. ಆಫೀಸರು ತಪ್ಪು ಅಂತ ತಲೆ ಅಲ್ಲಾಡಿಸಿದರು. ಉಳಿದದ್ದು ಒಂದೇ ಪ್ರಶ್ನೆ: ಪ್ರೆಸಿಡೆಂಟ್ ಎಲೆಕ್ಷನ್ನಿಗೆ ಓಟು ಹಾಕಲು ಎಷ್ಟು ವಯಸ್ಸಾಗಿರಬೇಕು?

"ಹದಿನೆಂಟು" ಅಂದಳಂತೆ. "ನನಗ ಎಪ್ಪತ್ತಾತು, ಇಲ್ಲೆ ಇನ್ನೂ ಒಂದ ಸಲಾನೂ ಹಾಕಿಲ್ಲ ಅಂತ ಹೇಳವಾ ಸಾಹೇಬ್ರಿಗೆ." ರೂಪಾ ಹೇಳಿದಳು. ಅವರು ನಕ್ಕು ಪಾಸು ಮಾಡಿದರು.

ಸರೋಜಾ ಹೊರಗೆ ಬಂದವಳು ನನ್ನ ಮುಖ ನೋಡದೆ ಕಾರು ಹತ್ತಿದಳು. ಇಪ್ಪತ್ತು ಮೈಲಿ ಆದ ಮೇಲೆ ಇಳಿಯುವಾಗ, "ನಿಮ್ಮ ಡಿಸ್ಟ್ರಿಕ್ಟಿನವರು ಇನ್ನ ನಮ್ಮ ಕಡೆ ಬರಬ್ಯಾಡ್ರಿ" ಅಂದಳು. ಕ್ಷಮಿಸು ಅನ್ನುವುದು ನನಗೆ ಬರುವುದಿಲ್ಲ, ಕಲಿಯುವ ವಯಸ್ಸೂ ದಾಟಿತು. ಯೋಚಿಸಿದ್ದು ಒಂದೇ: ಅಷ್ಟು ದೊಡ್ಡ ಸರ್ಕಾರ ಹದಿನಾಲ್ಕನ್ನು ಅಳಿಸಿತು, ಇವಳ ನಾಲಿಗೆಯ ಮೇಲಿಂದ ಅಳಿಸಲು ಅದರ ಕೈಯಲ್ಲೂ ನನ್ನ ಕೈಯಲ್ಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಬೂಟು ಹಾಕಿ, ನಮ್ಮ ಕಿಟಕಿಯಲ್ಲಿದ್ದ ಕರಿಬೇವಿನ ಕುಂಡಕ್ಕೆ ಹಳೆಯ ಶಾಲು ಸುತ್ತಿ, ಎದೆಗವಚಿಕೊಂಡು ಸಿಗ್ನಲ್ಲಿನಲ್ಲಿ ಗುಂಡಿ ಒತ್ತಿ ನಿಂತೆ. ಹಿಮ ಬೀಳುತ್ತಿತ್ತು. ರಸ್ತೆ ದಾಟುವಾಗ ಕೆಳಗೆ ನೋಡಿದೆ, ಗೆರೆಯೇನೂ ಕಾಣಲಿಲ್ಲ. ಅವಳ ಬಾಗಿಲು ತಟ್ಟಿದೆ. ಒಳಗಿನಿಂದಲೇ ಕೂಗಿದಳು, "ಯಾವ ಡಿಸ್ಟ್ರಿಕ್ಟಿನವರ್ರಿ?"

"ಹದಿನಾಲ್ಕು" ಅಂದೆ.

ಚಿಲಕ ತೆಗೆದಳು. ಕುಂಡವನ್ನು ಅವಳ ಕೈಗೆ ಕೊಟ್ಟು, ಬೂಟು ಬಿಚ್ಚಿ ಒಳಗೆ ಹೋದೆ.