ಎರಡು ನಾಲಿಗೆಯ ಪುಢಾರಿ

ನಿಲಂಗಾ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬರು ಎದುರಿಗೆ ಬಂದು, “ನಮ್ಮ ಮನಿಯವರ ಚಿತ್ರಾ ತೆಗದವರು ನೀವೇ ಏನ್ರೀ?” ಎಂದು ಕೇಳಿದರು.

ಆಗ ನಾನು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದೆ. ನಮ್ಮ ಸೀಮೆ ಯಾವ ರಾಜ್ಯಕ್ಕೆ ಸೇರಬೇಕೆಂಬ ಜಗಳ ನಡೆದಿತ್ತು. ಒಂದೂರಲ್ಲಿ ಕನ್ನಡದ ಪರ, ಇನ್ನೊಂದೂರಲ್ಲಿ ಮರಾಠಿಯ ಪರ ಭಾಷಣ ಬಿಗಿಯುತ್ತಿದ್ದ ಆಕೆಯ ಗಂಡನಿಗೆ ಎರಡು ನಾಲಿಗೆ ಬರೆದಿದ್ದೆ.

“ಎರಡು ನಾಲಿಗಿ ತೆಗದೀರಿ. ನಮ್ಮ ಅತ್ತಿ ಮುಂದ ಅವರಿಗೆ ಒಂದೂ ಹೊರಳಂಗಿಲ್ರೀ” ಎಂದು ಸೆರಗಿನಲ್ಲಿ ನಗು ಮುಚ್ಚಿಕೊಂಡು ಉದಗೀರ ಬಸ್ಸು ಹತ್ತಿದರು.

ಮುಂದಿನ ವಾರ, ತಾಯಿಯೆದುರು ಕೈಕಟ್ಟಿ ನಿಂತ ಅದೇ ಪುಢಾರಿಯನ್ನು ಬರೆದೆ. ಅವರೇ ಪತ್ರಿಕೆಯ ಕಚೇರಿಗೆ ಬಂದು ಮೆಲ್ಲಗೆ ಕೇಳಿದರು: “ಮನ್ಯಾಗಿನ ಸುದ್ದಿ ನಿಮಗ ಯಾರು ಹೇಳಿದ್ರೀ?”

ನಾನು ಅವರಿಗೆ ಚಹಾ ತರಿಸಿದೆ. ಅಂದಿನಿಂದ ಯಾವ ಪುಢಾರಿಯನ್ನು ಬರೆಯಲು ಕುಳಿತರೂ, ಇವರು ಮನೆಯಲ್ಲಿ ಹೇಗಿರಬಹುದೆಂದೇ ಮೊದಲು ಯೋಚಿಸುತ್ತೇನೆ.