ಎದುರಿನ ಅಂಗಡಿಯ ಹೆಸರು

ಶಹಾಪುರದಲ್ಲಿ ನಾನು ಮೊದಲು ವೆಬ್‌ಸೈಟ್ ಮಾಡಿಕೊಟ್ಟದ್ದು ಖಡಕ್ ರೊಟ್ಟಿ ಮಾರುತ್ತಿದ್ದ ಒಬ್ಬ ಅಕ್ಕನಿಗೆ. ಮಾತಾಡುವಾಗ ಅಂಗೈಯ ಹಿಟ್ಟು ಉಜ್ಜಿ ಉದುರಿಸುತ್ತಿದ್ದಳು. ಹಿಟ್ಟು ಹತ್ತದ ದಿನವೂ ಉಜ್ಜುತ್ತಿದ್ದಳು.

ಮೊಬೈಲಿನಲ್ಲಿ ಹುಡುಕಿದವರಿಗೆ ಅಂಗಡಿ ಮೊದಲು ಕಾಣಬೇಕಾದರೆ ವಿಳಾಸ ಸರಿಯಾಗಿರಬೇಕು ಎಂದೆ.

"ಬರ್ಕೋ. ಗಿರಣಿ ದಾಟಿ, ಬಳೆಗಾರರ ಮನಿ ಬಾಜೂಕ. ಎದುರಿಗೆ ಕಾಕೂನ ರೊಟ್ಟಿ ಅಂಗಡಿ."

"ಅಕ್ಕಾ, ಅವರೂ ರೊಟ್ಟೀನೇ ಮಾರ್ತಾರಲ್ರಿ. ಅವರ ಹೆಸರು ಯಾಕ್ರಿ?"

"ಎದುರಿಗೇ ಅದಾಳ. ಆಕಿನ್ನ ಬಿಟ್ಟು ಹ್ಯಾಂಗೋ ತಮ್ಮಾ?"

ಬೇಡವೆಂದು ಎಷ್ಟು ಹೇಳಿದರೂ ಅದೇ ಉತ್ತರ. ಸೋತು ಬರೆದೆ. ಪುಟವೇನೋ ಮೇಲಕ್ಕೆ ಬಂತು. ಆದರೆ ಕಾಕೂನ ರೊಟ್ಟಿ ಹುಡುಕಿದವರಿಗೂ ಅಕ್ಕನ ಪುಟವೇ ಸಿಕ್ಕು, ಅವರ ಫೋನೂ ಅಕ್ಕನಿಗೇ ಬರತೊಡಗಿತು. ಒಮ್ಮೆ ನಾನಿದ್ದಾಗಲೇ ಭೀಮರಾಯನಗುಡಿಯಿಂದ ಕಾಕೂವನ್ನು ಕೇಳಿಕೊಂಡು ಮದುವೆಯ ದೊಡ್ಡ ಆರ್ಡರ್ ಬಂತು. ಅಕ್ಕನ ವ್ಯಾಪಾರ ಆಗ ತೀರ ಮಂದವಾಗಿತ್ತು. ಇದೊಂದನ್ನು ತಾನೇ ಇಟ್ಟುಕೊಳ್ಳುತ್ತಾಳೆ ಎಂದುಕೊಂಡೆ. ಅಕ್ಕ ಅಂಗೈ ಉಜ್ಜಿಕೊಳ್ಳುತ್ತ ಬಾಗಿಲಿಗೆ ಹೋಗಿ ಕೂಗಿದಳು: "ಏ ಕಾಕೂ, ನಿನಗ ಫೋನ್ ಬಂದದ, ಲಗೂನ ಬಾ!"

ಅಕ್ಕ ಅಂಗಡಿ ಮುಚ್ಚಿ ಸುರಪುರಕ್ಕೆ, ಮಗಳ ಮನೆಗೆ ಹೋಗಿ ಬಹಳ ದಿನವಾಯಿತು. ಆ ಓಣಿಯಲ್ಲಿ ಹಾದಾಗ ಅವಳ ಹಂಚಿನ ವಾಸನೆಗೆ ನನ್ನ ಮೂಗು ಈಗಲೂ ಕಾಯುತ್ತದೆ. ಮೊನ್ನೆ ಕಾಕೂ ತನಗೂ ವೆಬ್‌ಸೈಟ್ ಬೇಕೆಂದು ಬಂದಳು. ವಿಳಾಸ ಕೇಳಿದೆ.

"ರೊಟ್ಟಿ ಅಕ್ಕನ ಅಂಗಡಿ ಎದುರಿಗೆ."

"ಆ ಅಂಗಡಿ ಬಂದ್ ಆಗ್ಯದಲ್ರಿ ಕಾಕೂ. ಈಗ್ಯಾಕ್ರಿ ಅದು?"

ಕಾಕೂ ನನ್ನನ್ನೇ ನೋಡಿದಳು.

"ಆಕಿನ್ನ ಬಿಟ್ಟು ಹ್ಯಾಂಗೋ ತಮ್ಮಾ?"